ಒಬ್ಬರ ಹಾಡಿಗೆ ಇನ್ನೊಬ್ಬರನ್ನು ಹೊಗಳಿದ್ದು

ಒಬ್ಬ ಮನುಷ್ಯನನ್ನು ಅರ್ಧ ಗಂಟೆ ಹೊಗಳುವುದರಲ್ಲಿ ಏನು ಮಹಾ ಕಷ್ಟವಿದೆ ಎಂದುಕೊಂಡೇ ನಾನು ಒಪ್ಪಿಕೊಂಡದ್ದು.

ಎಪ್ಪತ್ತಮೂರನೆಯ ಇಸವಿ. ನಾನು ಅಮೆರಿಕದ ನ್ಯೂಜೆರ್ಸಿಯ ಪಿಸ್ಕಾಟವೇಯಲ್ಲಿ ಸೇತುವೆಗಳ ಬಗ್ಗೆ ಪಿಎಚ್.ಡಿ. ಮಾಡುತ್ತಿದ್ದೆ. ಶನಿವಾರ ಬೆಳಿಗ್ಗೆ ಮಾತ್ರ ಸೇತುವೆಗಳನ್ನು ಅವುಗಳ ಪಾಡಿಗೆ ಬಿಟ್ಟು, ಕ್ಯಾಂಪಸ್ಸಿನ ರೇಡಿಯೋ ಸ್ಟೇಷನ್ನಿನಲ್ಲಿ ಒಂದು ಗಂಟೆ ಕರ್ನಾಟಕ ಸಂಗೀತ ಹಾಕುತ್ತಿದ್ದೆ. ನನ್ನ ಹೆಂಡತಿ ಶಾರದಾ ಮೈಸೂರಿನಿಂದ ಸೀರೆಗಳ ನಡುವೆ ಸುತ್ತಿ ತಂದ ಒಂಬತ್ತು ರೆಕಾರ್ಡುಗಳೇ ನನ್ನ ಭಂಡಾರ. ಸುತ್ತಲಿನ ಹತ್ತು ಹನ್ನೆರಡು ಕನ್ನಡದ ಮನೆಗಳಿಗೆ ವಾರದಲ್ಲಿ ನಮ್ಮ ಕಡೆಯ ದನಿ ಕೇಳುತ್ತಿದ್ದುದು ಅದೊಂದು ಗಂಟೆ.

ಆ ಗಂಟೆಯನ್ನು ಕಿತ್ತುಹಾಕುವ ಮಾತು ನಡೆದಿತ್ತು. ಅಷ್ಟರಲ್ಲಿ ಸ್ಟೇಷನ್ ಮ್ಯಾನೇಜರ್ ಬಾರ್ಬರಾ ನನ್ನನ್ನು ಕರೆದಳು.

"ರಾಜ್, ಕಾಲಿನ್ ವೆಥರ್ಬಿ ಗೊತ್ತಾ?"

"ಗೊತ್ತಿಲ್ಲದೆ ಏನು," ಎಂದೆ. ಗೊತ್ತಿರಲಿಲ್ಲ.

ವೆಥರ್ಬಿ ಇಂಗ್ಲೆಂಡಿನ ರಾಕ್ ಸಂಗೀತಗಾರ. ಗಿಟಾರ್, ಪಿಯಾನೋ, ಡ್ರಮ್ಸು, ಮ್ಯಾಂಡೊಲಿನ್ ಎಲ್ಲವನ್ನೂ ತಾನೇ ನುಡಿಸಿ, ಹಾಡನ್ನೂ ತಾನೇ ಬರೆದು, ತಾನೇ ಹಾಡುವವನು. ಹೊಸ ರೆಕಾರ್ಡಿನಲ್ಲಿ ಸಿತಾರನ್ನೂ ಹಿಡಿದುಬಿಟ್ಟಿದ್ದ. ಕ್ಯಾಂಪಸ್ಸಿನಲ್ಲಿ ಅವನ ಕಾನ್ಸರ್ಟ್ ಇತ್ತು. ಅದಕ್ಕೆ ಮೊದಲು ನಮ್ಮ ಸ್ಟೇಷನ್ನಿಗೆ ಬರಲು ಒಪ್ಪಿದ್ದ. ಸಿತಾರ್ ವಿಷಯ ತಿಳಿದವರು ಮಾತಾಡಿಸಿದರೆ ಚೆನ್ನ ಎಂದು ಬಾರ್ಬರಾಳ ಅಭಿಪ್ರಾಯ. ಸಿತಾರನ್ನು ನಾನು ನೋಡಿದ್ದು ಕ್ಯಾಲೆಂಡರಿನಲ್ಲಿ.

"ಇದು ಚೆನ್ನಾಗಿ ಆದ್ರೆ ನಿನ್ನ ಶನಿವಾರದ ವಿಷಯ ಮಾತಾಡೋಣ," ಎಂದಳು.

ಎದುರು ಮನೆಯ ದೇಸಾಯರು ಧಾರವಾಡದವರು, ಕೆಮಿಸ್ಟ್ರಿ ವಿದ್ಯಾರ್ಥಿ, ರಾಕ್ ರೆಕಾರ್ಡುಗಳ ಹುಚ್ಚಿನವರು. ಅವರು ಎರಡು ರೆಕಾರ್ಡು ಕೊಟ್ಟರು.

"ಇದು ವೆಥರ್ಬೀದು. ಇದು ಡೆರೆಕ್ ಪಿಮ್ ಅಂತ, ಮೊದಲು ಇಬ್ಬರೂ ಒಂದ ಬ್ಯಾಂಡಿನ್ಯಾಗ ಇದ್ರು. ಈಗ ಮುಖಾ ನೋಡಂಗಿಲ್ಲ. ವೆಥರ್ಬೀದು ಕೇಳ್ರಿ ಸಾಕು. ಜ್ವಾಕಿ ಮತ್ತ."

ಯಾರೂ ಹೊಡೆದುಕೊಂಡು ಹೋಗಬಾರದೆಂದು ಅವರು ಪ್ರತಿ ರೆಕಾರ್ಡಿನ ನಡುವಿನ ಲೇಬಲ್ಲಿನ ಮೇಲೆ 'ದೇಸಾಯಿ' ಎಂದು ದೊಡ್ಡದಾಗಿ ಬರೆದ ಕಾಗದ ಅಂಟಿಸಿದ್ದರು. ಹಾಡಿದವನು ಯಾರೇ ಇರಲಿ, ಲೇಬಲ್ಲಿನ ಪ್ರಕಾರ ಎಲ್ಲವೂ ದೇಸಾಯರವೇ.

ನಮ್ಮ ಮನೆಯಲ್ಲಿ ರೆಕಾರ್ಡ್ ಪ್ಲೇಯರ್ ಇದ್ದದ್ದು ಅಡುಗೆಮನೆಯ ಕಟ್ಟೆಯ ಮೇಲೆ, ಒಲೆಯ ಪಕ್ಕದಲ್ಲಿ. ಖಾಲಿ ಪ್ಲಗ್ ಇದ್ದದ್ದು ಅಲ್ಲೊಂದೇ. ನಾನು ಎರಡೂ ರೆಕಾರ್ಡುಗಳನ್ನು ಕವರಿನಿಂದ ಹೊರತೆಗೆದು ಅಲ್ಲಿ ಇಟ್ಟೆ, ಶಾರದಾ ಹುಳಿಗೆ ಒಗ್ಗರಣೆ ಹಾಕಿದಳು, ಸಾಸಿವೆ ಸಿಡಿಯಿತು. ಅವಳು ಎರಡನ್ನೂ ಬಟ್ಟೆಯಿಂದ ಒರೆಸಿ, ಒಪ್ಪವಾಗಿ ಕವರಿನೊಳಗೆ ಹಾಕಿಟ್ಟಳು. ಅದಲುಬದಲಾಗಿ.

ಮೂರು ದಿನ ನಾನು ತಪಸ್ಸಿನಂತೆ ಕೇಳಿದೆ. ಕವರಿನ ಮೇಲಿದ್ದ ಹಾಡುಗಳ ಹೆಸರಿಗೂ ಒಳಗಿನ ಹಾಡುಗಳಿಗೂ ಯಾವ ಸಂಬಂಧವೂ ಕಾಣಲಿಲ್ಲ. ಬೇರೆಯವರಾಗಿದ್ದರೆ ಅನುಮಾನಪಡುತ್ತಿದ್ದರು. ನಾನು ನವ್ಯ ಕಾವ್ಯ ಓದಿಕೊಂಡವನು. ಶೀರ್ಷಿಕೆಗೂ ಪದ್ಯಕ್ಕೂ ಸಂಬಂಧ ಇಲ್ಲದಿದ್ದರೆ ಗೌರವ ಹೆಚ್ಚುತ್ತಿತ್ತು.

"ಈ ಮನುಷ್ಯ ಸಾಮಾನ್ಯನಲ್ಲ ಕಣೇ," ಎಂದೆ.

"ಯಾವಾಗ್ಲೂ ಮೂಗಲ್ಲೇ ಹಾಡ್ತಾನಲ್ಲ, ನೆಗಡೀನಾ?" ಎಂದಳು ಶಾರದಾ.

ನನಗೆ ಬಹಳ ಹಿಡಿಸಿದ್ದು ಕೊನೆಯ ಹಾಡು. ಹತ್ತು ವಾದ್ಯ ಹಿಡಿದು ಒಂದನ್ನೂ ನೆಟ್ಟಗೆ ನುಡಿಸಲಾರದ, ಕನ್ನಡಿ ಕಂಡಲ್ಲೆಲ್ಲ ನಿಲ್ಲುವ ಒಬ್ಬ ಜಂಭಗಾರನ ಕುರಿತದ್ದು. ವೆಥರ್ಬಿ ತನ್ನನ್ನೇ ಹೀಗೆ ಗೇಲಿ ಮಾಡಿಕೊಂಡಿದ್ದಾನಲ್ಲ ಎಂದು ನನ್ನ ಕಣ್ಣು ಒದ್ದೆಯಾಯಿತು. ಒಗ್ಗರಣೆಯ ಘಾಟೂ ಸ್ವಲ್ಪ ಇತ್ತು.

ಶುಕ್ರವಾರ ಮಧ್ಯಾಹ್ನ ವೆಥರ್ಬಿ ಬಂದ. ತೆಳ್ಳಗೆ, ಉದ್ದಕ್ಕೆ, ಕೈಯಲ್ಲಿ ಗಿಟಾರ್. ನಾನು ಮದುವೆಯ ಸೂಟು ಹಾಕಿಕೊಂಡು ಕೂತಿದ್ದೆ. ಕೆಂಪು ದೀಪ ಹತ್ತಿತು. ಕಾರ್ಯಕ್ರಮ ನೇರಪ್ರಸಾರ.

"ಮಿಸ್ಟರ್ ವೆಥರ್ಬಿ, ರೈಲ್ವೆ ಸ್ಟೇಷನ್ನಿನಲ್ಲಿ ತಂದೆಗಾಗಿ ಕಾಯುವ ಹುಡುಗಿಯ ಹಾಡು ನಿಮ್ಮ ಶ್ರೇಷ್ಠ ಕೃತಿ ಅಂತ ನನ್ನ ಅಭಿಪ್ರಾಯ. ಅದು ಹೇಗೆ ಹೊಳೀತು?"

"ಅದು ನಾನು ಬರೆದದ್ದಲ್ಲ," ಎಂದ.

ಎಂಥ ವಿನಯ ಎಂದುಕೊಂಡೆ. ನಮ್ಮ ಕಡೆ ದೊಡ್ಡವರು ಹೀಗೆಯೇ. ಎಲ್ಲ ಗುರುಗಳ ಆಶೀರ್ವಾದ, ನನ್ನದೇನಿಲ್ಲ ಎನ್ನುತ್ತಾರೆ. ಆಗ ಇನ್ನೂ ಜೋರಾಗಿ ಹೊಗಳುವುದು ಶಿಷ್ಟಾಚಾರ. ಲೈಟ್‌ಹೌಸ್ ಕಾಯುವ ಮುದುಕನ ಹಾಡಿಗೆ ಬಂದೆ.

"ಅದೂ ನಂದಲ್ಲ."

"ನೀವು ಹಾಗೆ ಹೇಳೋದೇ ನಿಮ್ಮ ದೊಡ್ಡತನ," ಎಂದೆ.

ಗಾಜಿನ ಆಚೆಯಿಂದ ಬಾರ್ಬರಾ ಕೈಯನ್ನು ಕತ್ತಿನ ಅಡ್ಡಕ್ಕೆ ಎಳೆದು ತೋರಿಸುತ್ತಿದ್ದಳು. ಟೈ ಸರಿಮಾಡಿಕೋ ಎನ್ನುತ್ತಿದ್ದಾಳೆ ಎಂದು ತಿಳಿದೆ. ಸರಿಮಾಡಿಕೊಂಡೆ.

ಆಮೇಲೆ ಆ ಕೊನೆಯ ಹಾಡಿಗೆ ಬಂದೆ. ಒಂದು ವಾದ್ಯವೂ ಬಾರದ ಆ ಜಂಭಗಾರನ ಚಿತ್ರ ಎಷ್ಟು ಸತ್ಯ, ಪ್ರತಿ ಸಾಲಿನಲ್ಲೂ ವೆಥರ್ಬಿಯೇ ಕಣ್ಣಿಗೆ ಕಟ್ಟುತ್ತಾನೆ, ನಮ್ಮ ವೇದಾಂತ ಹೇಳುವ ಆತ್ಮಪರೀಕ್ಷೆ ಇದೇ ಎಂದು ಎರಡು ನಿಮಿಷ ಮಾತಾಡಿದೆ.

ವೆಥರ್ಬಿ ಮೈಕಿನ ಹತ್ತಿರಕ್ಕೆ ಬಾಗಿದ.

"ಅದನ್ನ ಬರೆದದ್ದು ಡೆರೆಕ್ ಪಿಮ್," ಎಂದ. "ನನ್ನ ಮೇಲೆ."

ಆಗ ಅಡುಗೆಮನೆ, ಒಗ್ಗರಣೆ, ಒರೆಸಿದ ಬಟ್ಟೆ, ಎರಡು ಕವರು ಎಲ್ಲ ಒಟ್ಟಿಗೆ ಕಣ್ಣಮುಂದೆ ಬಂದವು. ಏನಾದರೂ ಹೇಳಬೇಕಲ್ಲ. "ನನ್ನ ಹೆಂಡತಿ ಒರೆಸಿಟ್ಟಳು," ಎಂದೆ. ನ್ಯೂಜೆರ್ಸಿಯ ಕೇಳುಗರಿಗೆ ಅದು ಏನೆಂದು ಅರ್ಥವಾಯಿತೋ ದೇವರೇ ಬಲ್ಲ. ವೆಥರ್ಬಿ ಕೇಳಿದ, ನಾನು ಸಾಸಿವೆಯಿಂದ ಹಿಡಿದು ಎಲ್ಲ ಹೇಳಿದೆ.

ಎದ್ದು ಹೋಗುತ್ತಾನೆ ಎಂದುಕೊಂಡೆ. ಹೋಗಲಿಲ್ಲ. ಗಿಟಾರನ್ನು ತೊಡೆಯ ಮೇಲೆ ಎಳೆದುಕೊಂಡ.

"ನಾಲ್ಕು ವರ್ಷದಿಂದ ನನ್ನೆದುರು ಯಾರೂ ಇದರ ಹೆಸರೇ ಎತ್ತಿಲ್ಲ," ಎಂದ. "ಹಾಳಾದವನು ಚೆನ್ನಾಗೇ ಬರೆದಿದ್ದಾನೆ. ರೈಲ್ವೆ ಸ್ಟೇಷನ್ನಿನದು ಇನ್ನೂ ಚೆನ್ನಾಗಿದೆ. ಅದನ್ನ ಅವನು ಬರೀವಾಗ ನಾನು ಪಕ್ಕದಲ್ಲೇ ಇದ್ದೆ."

ಮೊದಲು ರೈಲ್ವೆ ಸ್ಟೇಷನ್ನಿನ ಹಾಡು ಹಾಡಿದ. ಆಮೇಲೆ ಆ ಬೈಗುಳದ ಹಾಡನ್ನೂ ಪೂರ್ತಿ ಹಾಡಿದ. ಕನ್ನಡಿಯ ಸಾಲಿಗೆ ಬಂದಾಗ ನಗು ತಡೆಯಲಾರದೆ ಒಮ್ಮೆ ನಿಲ್ಲಿಸಿದ. ಬಾಗಿಲ ಬಳಿ ನನ್ನ ಕೈ ಕುಲುಕಿ, "ಡೆರೆಕ್‌ಗೆ ಒಂದು ಫೋನ್ ಮಾಡ್ಬೇಕು," ಎಂದ. ಸಿತಾರಿನ ವಿಷಯ ಇಬ್ಬರೂ ಎತ್ತಲಿಲ್ಲ. ಅಷ್ಟರ ಮಟ್ಟಿಗೆ ನನ್ನ ಮಾನ ಉಳಿಯಿತು.

ಮನೆಗೆ ಬಂದಾಗ ದೇಸಾಯರು ನಮ್ಮ ಸೋಫಾದ ಮೇಲೆ ಹೊಟ್ಟೆ ಹಿಡಿದುಕೊಂಡು ನಗುತ್ತ ಕೂತಿದ್ದರು.

"ಏನ್ರೀ ನಾಗರಾಜರ, ಅವನ ಮುಂದ ಅವನ್ನ ಬೈದು, ಮ್ಯಾಲೆ ವೇದಾಂತ ಬ್ಯಾರೆ ಹೇಳಿದ್ರಲ್ರಿ," ಎಂದರು.

"ಊರಿಗೆಲ್ಲ ನನ್ನ ಹೆಸರು ಹೇಳ್ಬೇಕಿತ್ತಾ?" ಎಂದಳು ಶಾರದಾ. "ಹಾಡಿನ ಹೆಸರೇ ಹೊಂದ್ತಿಲ್ಲ ಅಂದ್ರೆ ಇನ್ನೊಂದು ಕವರು ತೆಗೆದು ನೋಡೋಕಾಗ್ಲಿಲ್ವಾ ರೀ?"

ಸೇತುವೆಯ ಬಗ್ಗೆ ಸಂಶೋಧನೆ ಮಾಡುವವನಿಗೆ ಅದು ಹೊಳೆದಿರಲಿಲ್ಲ.

ಸೋಮವಾರ ಬಾರ್ಬರಾ ಕರೆದಳು. ರಾಜೀನಾಮೆಯ ಮಾತುಗಳನ್ನು ದಾರಿಯಲ್ಲೇ ಜೋಡಿಸಿಕೊಂಡು ಹೋದೆ. ಆದರೆ ಸ್ಟೇಷನ್ನಿಗೆ ಅಷ್ಟು ಫೋನುಗಳು ಹಿಂದೆಂದೂ ಬಂದಿರಲಿಲ್ಲವಂತೆ. ನನ್ನ ಶನಿವಾರ ಉಳಿಯಿತು, ಇನ್ನರ್ಧ ಗಂಟೆ ಹೆಚ್ಚೇ ಸಿಕ್ಕಿತು. ಒಂದೇ ಷರತ್ತು: ರೆಕಾರ್ಡು ಹಾಕುವುದು ನಾನು, ಬಾಯಿ ಬಿಡುವುದು ಬೇರೆಯವರು.

ಎರಡು ವಾರದ ಮೇಲೆ ಕೇಳುಗರಿಂದ ಒಂದು ಪತ್ರ ಬಂತು. ಹಳೆಯ ನಿರೂಪಕರು ಮಾತು ನಿಲ್ಲಿಸಿದ ಮೇಲೆ ಕಾರ್ಯಕ್ರಮ ಬಹಳ ಸುಧಾರಿಸಿದೆ, ಇದನ್ನು ಹೀಗೆಯೇ ಮುಂದುವರಿಸಬೇಕಾಗಿ ವಿನಂತಿ ಎಂದಿತ್ತು. ಕೆಳಗೆ ದೇಸಾಯರ ಸಹಿ. ಅಕ್ಷರ ಮಾತ್ರ ನನ್ನ ಹೆಂಡತಿಯದು.