ಕಿಟಕಿ ಕವರ್ ಮತ್ತು ನನ್ನ ವರ್ಗಾವಣೆ

ಮರ್ಯಾದೆ ಹೋಗುವುದಕ್ಕೆ ಕೆಲವರಿಗೆ ದೊಡ್ಡ ಸಭೆ, ಸಮಾರಂಭ ಬೇಕಾಗುತ್ತದೆ. ನನಗೆ ಒಂದು ಅಂಚೆ ಕವರ್ ಸಾಕು. ಅದೂ ವಿಳಾಸ ಕಾಣಲೆಂದು ಮುಂದುಗಡೆ ಗಾಜಿನಂಥ ಹಾಳೆ ಅಂಟಿಸಿರುತ್ತಾರಲ್ಲ, ಆ ಕಿಟಕಿ ಕವರ್ ಆದರೆ ಇನ್ನೂ ಸುಲಭ.

ನನ್ನ ಮನೆ ಗುಂಡ್ಲುಪೇಟೆಯಲ್ಲಿ, ಕೆಲಸ ಚಾಮರಾಜನಗರದ ಒಂದು ವಿಮಾ ಕಚೇರಿಯಲ್ಲಿ. ಪತ್ರಗಳನ್ನು ಮಡಚಿ, ಕವರಿಗೆ ಹಾಕಿ, ಅಂಚೆಗೆ ಕೊಡುವುದು ನನ್ನ ಕೆಲಸ. ದಿನಾ ಬಸ್ಸಿನಲ್ಲಿ ನಿಂತೇ ಓಡಾಟ. ತೆರಕಣಾಂಬಿಯಲ್ಲಿ ಯಾರಾದರೂ ಇಳಿದು ಸೀಟು ಸಿಕ್ಕರೆ ಆವತ್ತು ಹಬ್ಬ. ನಮ್ಮೂರ ಶಾಖೆಗೆ ವರ್ಗ ಮಾಡಿಸಿಕೊಡಿ ಎಂದು ಮ್ಯಾನೇಜರರ ಬಳಿ ಗೋಗರೆದೆ. "ಆರು ತಿಂಗಳು ಒಂದೂ ತಪ್ಪಿಲ್ಲದೆ ಕೆಲಸ ಮಾಡಿ ತೋರಿಸಿ, ಶಿಫಾರಸು ಬರೀತೀನಿ" ಎಂದರು. ಅದೇ ವಾರ ಕಿಟಕಿ ಕವರುಗಳ ಕಟ್ಟು ಬಂತು.

೧. ಮುದ್ದಾದ ಅಕ್ಷರ

ನನ್ನ ಅಕ್ಷರ ಚೆನ್ನಾಗಿದೆ ಎಂಬ ಜಂಬ ನನಗೆ ಮೊದಲಿನಿಂದಲೂ ಇದೆ. ಆ ಗಾಜಿನ ಜಾಗ ನೋಡಿದ ಕೂಡಲೇ, ಮೇಲೆ ಬರೆದ ವಿಳಾಸ ಮಳೆಗೆ ನೆನೆಯದಿರಲಿ ಎಂದು ಮಾಡಿದ ವ್ಯವಸ್ಥೆ ಇದು ಎಂದುಕೊಂಡೆ. ಒಳಗಿನ ಪತ್ರದಲ್ಲಿ ಅಚ್ಚಾದ ವಿಳಾಸ ಅಡ್ಡ ಬರುತ್ತಿತ್ತು. ಪತ್ರಗಳನ್ನು ಮಗುಚಿ ಹಾಕಿ, ಗಾಜಿನ ಮೇಲೆ ಶಾಯಿ ಪೆನ್ನಿನಲ್ಲಿ ಅರವತ್ತು ವಿಳಾಸ ಬರೆದೆ. ನೋಡಲು ಬಹಳ ಚೆನ್ನಾಗಿತ್ತು.

ಮಾರನೆಯ ದಿನ ಚಂದಕವಾಡಿ ಕಡೆಯ ಅಂಚೆಯಣ್ಣ ಕವರುಗಳ ಸಮೇತ ಬಂದು ನನ್ನ ಮೇಜಿನ ಮುಂದೆ ನಿಂತ. ನೀಲಿ ಬಣ್ಣದ ಹೆಬ್ಬೆರಳು ಎತ್ತಿ ತೋರಿಸಿದ.

"ಸಾ, ವಿಳಾಸ ಎಲ್ಲಾ ನನ್ ಎಬ್ಬೆಟ್ಗೆ ಬಂದ್ಬುಟ್ಟದೆ. ಈಗ ಈ ಎಬ್ಬೆಟ್ನ ಯಾರ್ ಮನೆಗ್ ಕೊಡ್ಲಿ ಏಳಿ?"

೨. ಅಷ್ಟು ಬೇಗ ಉತ್ತರ

ಆರು ತಿಂಗಳ ಲೆಕ್ಕ ಮತ್ತೆ ಮೊದಲಿನಿಂದ ಶುರುವಾಯಿತು. ಒಳಗಿನ ವಿಳಾಸವೇ ಕಿಟಕಿಯಲ್ಲಿ ಕಾಣಬೇಕು ಎಂದು ಮ್ಯಾನೇಜರರೇ ಕೂತು ಹೇಳಿಕೊಟ್ಟರು. ಸರಿ, ವಿಳಾಸ ಕಾಣುವ ಹಾಗೆ ನೂರು ಪತ್ರ ಮಡಚಿ ಕಳಿಸಿದೆ.

ಮೂರೇ ದಿನಕ್ಕೆ ಅಂಚೆಯಿಂದ ಒಂದು ಚೀಲ ತುಂಬ ಕವರುಗಳು ಬಂದವು. ನನ್ನ ಸರ್ವಿಸಿನಲ್ಲೇ ಅಷ್ಟು ಟಪಾಲು ನೋಡಿರಲಿಲ್ಲ. ಚೀಲ ಎತ್ತಿಕೊಂಡು ನೇರ ಮ್ಯಾನೇಜರರ ಕೋಣೆಗೆ ನುಗ್ಗಿದೆ.

"ಸಾರ್, ನಮ್ಮ ಗ್ರಾಹಕರು ಎಷ್ಟು ಬೇಗ ಉತ್ತರ ಬರೆದಿದ್ದಾರೆ ನೋಡಿ."

ಅವರು ಒಂದು ಕವರು ಎತ್ತಿ ನೋಡಿದರು. ಕಿಟಕಿಯಲ್ಲಿ ಪತ್ರದ ತಲೆಭಾಗದಲ್ಲಿದ್ದ ನಮ್ಮ ಕಚೇರಿಯದೇ ವಿಳಾಸ ಕಾಣುತ್ತಿತ್ತು. ಒಡೆದು ಓದಿದರು.

"ಹೌದು ಕಣ್ರೀ, ಚೆನ್ನಾಗಿ ಬರೆದಿದ್ದಾರೆ. ಸಹಿ ಮಾತ್ರ ನನ್ನದು."

೩. ಅರವತ್ತೊಂಬತ್ತು

ಆಮೇಲೆ ಬಹಳ ಎಚ್ಚರಿಕೆಯಿಂದ ಮಡಚತೊಡಗಿದೆ. ಆದರೆ ನಮ್ಮ ಪತ್ರ ಚಿಕ್ಕದು, ಕವರು ದೊಡ್ಡದು. ಒಳಗೆ ಕಾಗದ ಜಾರಾಡುತ್ತದೆ ಎಂಬುದನ್ನು ಪುಣಜನೂರಿನ ಯಜಮಾನರೊಬ್ಬರು ಬಂದು ತಿಳಿಸಬೇಕಾಯಿತು. ಕಪ್ಪು ಬಣ್ಣ ಹಚ್ಚಿದ ಮೀಸೆ, ಇಸ್ತ್ರಿ ಮಾಡಿದ ಪಂಚೆ, ಮುಖದಲ್ಲಿ ಕೆಂಡದಂಥ ಕೋಪ. ಕವರನ್ನು ಮೇಜಿನ ಮೇಲೆ ಎಸೆದರು. ಕಿಟಕಿಯಲ್ಲಿ ಹೆಸರು ಮರೆಯಾಗಿ, ಊರು ಮತ್ತು ಅದರ ಕೆಳಗಿನ ಸಾಲು ಮಾತ್ರ ಕಾಣುತ್ತಿತ್ತು: ವಯಸ್ಸು ೬೯.

"ಅರವತ್ತೊಂಬತ್ತು ಆಗಿರೋರು ಯಾರು ಅಂತ ಅಂಚೆಯವ್ನು ಬೀದಿಬೀದಿಲೂ ಕೇಳ್ಕಂಡ್ ಬಂದವ್ನೆ ಕಣಪ್ಪ" ಎಂದರು.

"ನೀವೇನು ಹೇಳಿದ್ರಿ?"

"ನಮ್ಮೂರಲ್ಲಿ ಅಂಥ ಮುದುಕ್ರು ಯಾರೂ ಇಲ್ಲ, ಓಗು ಅಂದೆ. ಒಳಗಿಂದ ನನ್ನೆಂಡ್ತಿ ಬಂದು ಈಸ್ಕೊಂಡ್ಬುಟ್ಳು."

೪. ಬೀಳ್ಕೊಡುಗೆ

ಇಷ್ಟಾದ ಮೇಲೂ ಮ್ಯಾನೇಜರರು ಮನಸ್ಸು ಕರಗಿ ಶಿಫಾರಸು ಬರೆದು ಕಳಿಸಿದರು. ಪುಣ್ಯಾತ್ಮರು. ತಿಂಗಳ ನಂತರ ಕೇಂದ್ರ ಕಚೇರಿಯಿಂದ ಅವರ ಹೆಸರಿಗೆ ಒಂದು ಕಿಟಕಿ ಕವರು ಬಂತು. ಅವರು ನೆಂಟರ ಮದುವೆಗೆಂದು ಎರಡು ದಿನ ರಜೆ ಹಾಕಿದ್ದರು.

ಇನ್ನೊಬ್ಬರ ಪತ್ರ ಒಡೆಯುವ ಹಾಗಿಲ್ಲ. ಆದರೆ ತಟ್ಟುವುದಕ್ಕೆ ಅಡ್ಡಿಯಿಲ್ಲವಲ್ಲ. ಕವರನ್ನು ಮೇಜಿನ ಅಂಚಿಗೆ ಮೆಲ್ಲಗೆ ತಟ್ಟಿದೆ. ವಿಳಾಸ ಮೇಲಕ್ಕೆ ಜಾರಿ, ಕಿಟಕಿಯಲ್ಲಿ ನನ್ನ ಹೆಸರು ಬಂತು. ಇನ್ನೆರಡು ಸಲ ತಟ್ಟಿದೆ. "ಇವರನ್ನು ಗುಂಡ್ಲುಪೇಟೆ ಶಾಖೆಗೆ ವರ್ಗಾವಣೆ ಮಾಡಲು" ಎಂಬಲ್ಲಿಗೆ ಕಾಗದ ನಿಂತಿತು. ಮತ್ತೆ ಎಷ್ಟು ತಟ್ಟಿದರೂ ಅಲ್ಲಾಡಲಿಲ್ಲ. ಅಷ್ಟು ಸಾಕಿತ್ತು. ಕಣ್ಣಲ್ಲಿ ನೀರು ಬಂತು.

ಹೆಂಡತಿಗೆ ಫೋನು ಮಾಡಿದೆ. ಇಡೀ ಕಚೇರಿಗೆ ಮೈಸೂರು ಪಾಕು ಹಂಚಿದೆ. ಸಂಜೆ ಬಸ್ಸಿನ ಕಂಡಕ್ಟರಿಗೆ ಕೈಮುಗಿದು, "ಇಷ್ಟು ದಿನ ಸಹಿಸಿಕೊಂಡ್ರಿ" ಎಂದೆ. "ಓಗ್ಬನ್ನಿ ಸಾ, ನಿಮ್ ಜಾಗ್ದಲ್ಲಿ ಎರಡ್ ಮೂಟೆ ಇಡ್ಬೋದು" ಎಂದ.

ಮಾರನೆಯ ಮಧ್ಯಾಹ್ನ ಸಹೋದ್ಯೋಗಿಗಳು ಹಾರ ಹಾಕಿ, ಶಾಲು ಹೊದಿಸಿದರು. ನಾನು ಭಾಷಣ ಮಾಡಿ, ನನ್ನನ್ನು ಆಡಿಕೊಂಡಿದ್ದ ಎಲ್ಲರನ್ನೂ ಹೆಸರು ಹಿಡಿದು ಕ್ಷಮಿಸುತ್ತಿದ್ದೆ. ಅಷ್ಟರಲ್ಲಿ ರಜೆ ಮುಗಿಯುವ ಮುನ್ನವೇ ಮ್ಯಾನೇಜರರು ಬಂದರು. ವಿಷಯ ಕೇಳಿ, ಕವರು ಒಡೆದು, ಎಲ್ಲರೆದುರು ಗಟ್ಟಿಯಾಗಿ ಓದಿದರು.

"ಇವರನ್ನು ಗುಂಡ್ಲುಪೇಟೆ ಶಾಖೆಗೆ ವರ್ಗಾವಣೆ ಮಾಡಲು ಸಾಧ್ಯವಿಲ್ಲ."

ನಮ್ಮ ಕನ್ನಡದಲ್ಲಿ ಆಗುತ್ತೋ ಇಲ್ಲವೋ ಎನ್ನುವುದು ವಾಕ್ಯದ ಕೊನೆಗೆ ಬರುತ್ತದೆ ಎಂಬುದು ಆ ಕ್ಷಣ ನನಗೆ ಹೊಳೆಯಿತು. ಹಾರ ಕೊರಳಲ್ಲೇ ಇತ್ತು. ಅವರು ಮುಂದಿನ ಸಾಲನ್ನೂ ಓದಿದರು.

"ಪತ್ರ ರವಾನೆಯಲ್ಲಿ ಇಷ್ಟೊಂದು ಅನುಭವ ಇರುವವರನ್ನು ಆ ಜಾಗದಿಂದ ಕದಲಿಸುವುದು ಸೂಕ್ತವಲ್ಲ."

"ಅನುಭವಾನಾ? ಯಾರು ಸಾರ್ ಹಾಗೆ ಬರೆದಿದ್ದು?" ಎಂದೆ.

ಮ್ಯಾನೇಜರರು ತಲೆ ತಗ್ಗಿಸಿದರು. "ನಾನೇ ಕಣ್ರೀ. ಶಿಫಾರಸಿನಲ್ಲಿ 'ತಪ್ಪುಗಳು' ಅಂತ ಬರೀಬೇಕಾದ ಕಡೆಯೆಲ್ಲ, ಪಾಪ ಅನ್ನಿಸಿ, 'ಅನುಭವ' ಅಂತ ಬರೆದ್ಬಿಟ್ಟೆ."