ಅತ್ತೆಯ ಲೆನ್ಸಿನ ಮಡಿ

ನಮ್ಮ ಸೋದರತ್ತೆ ದೇವರನ್ನು ನಂಬುತ್ತಾರೆ, ಹೊಳೆನರಸೀಪುರದ ಬಸ್ಸುಗಳನ್ನೂ ನಂಬುತ್ತಾರೆ. ಸೀಲಿಂಗ್ ಫ್ಯಾನನ್ನು ಮಾತ್ರ ನಂಬುವುದಿಲ್ಲ! ಹಾಸನದ ನಮ್ಮ ಮನೆಗೆ ಬಂದರೆ ಚಪ್ಪಲಿ ಬಿಡುವ ಮೊದಲೇ, "ಫ್ಯಾನ್ ಆರಿಸ್ರೇ!" ಬೇಸಗೆಯಿರಲಿ, ಬಂದ ನೆಂಟರು ಬೆವರಿ ಒದ್ದೆಯಾಗಲಿ, ಅವರಿಗೇನು? ಕಣ್ಣೊಳಗೆ ಹಾಕಿಕೊಳ್ಳುವ, ಉಗುರಿಗಿಂತ ಚಿಕ್ಕದಾದ ಆ ಎರಡು ಗಟ್ಟಿ ಲೆನ್ಸು ಹಾರಿಹೋದರೆ ಹುಡುಕಿಕೊಡುವವರು ಯಾರು?

ಅತ್ತೆಯ ಕಣ್ಣಿನ ಮುಂದಿನ ಪೊರೆ ಶಂಕುವಿನ ಹಾಗೆ ಉಬ್ಬಿದೆ. ಕನ್ನಡಕದಿಂದ ಉಪಯೋಗವಿಲ್ಲ. ಲೆನ್ಸ್ ತೆಗೆದರೆ ಒಂದು ದೀಪ ಅವರಿಗೆ ನಾಲ್ಕಾಗಿ ಕಾಣುತ್ತದೆ.

ಅಡಿಗೆಮನೆಯ ಮಡಿಯನ್ನು ಅವರು ಎಂದೋ ಬಿಟ್ಟರು. "ಅದೆಲ್ಲ ನಮ್ಮಮ್ಮನ ಕಾಲಕ್ಕೇ ಮುಗೀತು" ಅನ್ನುತ್ತಾರೆ. ಸುಳ್ಳು! ಆ ಮಡಿಯೆಲ್ಲ ಲೆನ್ಸಿಗೆ ವರ್ಗವಾಗಿದೆ. ಬೆಳಿಗ್ಗೆ ಕೈತೊಳೆದು, ಒರೆಸಿಕೊಂಡು, ಮೇಜಿನ ಮೇಲೆ ಬಿಳಿ ಪಂಚೆ ಹಾಸಿ ಕುಳಿತರೆಂದರೆ ಅವರನ್ನು ಯಾರೂ ಮುಟ್ಟುವಂತಿಲ್ಲ. ಲೆನ್ಸ್ ತೊಳೆಯಲು ಅದರದೇ ದ್ರಾವಣ. ನಲ್ಲಿ ನೀರು ಸೋಕಕೂಡದು. ಒಮ್ಮೆ ನಮ್ಮಪ್ಪ, "ಹೇಮಾವತಿ ನೀರೂ ಆಗಲ್ವೇನಕ್ಕ?" ಎಂದು ಕೆಣಕಿದರು.

"ಹೇಮಾವತಿ ಪಾಪ ತೊಳೆಯತ್ತೆ ಕಣೋ, ಲೆನ್ಸ್ ತೊಳೆಯಲ್ಲ."

ಇನ್ನೊಮ್ಮೆ ಅತ್ತೆಯೂ ನಾನೂ ಚನ್ನರಾಯಪಟ್ಟಣದಿಂದ ಬಸ್ಸಿನಲ್ಲಿ ಬರುತ್ತಿದ್ದೆವು. ಶಾಂತಿಗ್ರಾಮದ ಹತ್ತಿರ ಅತ್ತೆ ಕಣ್ಣುಜ್ಜಿಕೊಂಡವರೇ, "ಯಾರೂ ಕಾಲೆತ್ತಬೇಡಿ!" ಎಂದು ಕೂಗಿದರು. ಬಸ್ಸು ನಿಂತಿತು.

"ಏನ್ ಬಿತ್ತವ್ವಾ, ಮೂಗುಬಟ್ಟಾ?" ಕಂಡಕ್ಟರ್ ಕೇಳಿದ.

"ಅಲ್ಲಪ್ಪಾ, ಕಣ್ಣು!"

"ಕಣ್ಣಾ! ಯಾರೂ ಅಲ್ಲಾಡ್ಬ್ಯಾಡ್ರಲಾ!"

ಕೂತಲ್ಲೇ ಬಗ್ಗಿ ಇಡೀ ಬಸ್ಸು ಹುಡುಕಿತು. ಕೊನೆಗೆ ಮುಂದಿನ ಸೀಟಿನ ಅಜ್ಜಿಯೊಬ್ಬಳು ಹಿಂತಿರುಗಿ ಅತ್ತೆಯ ಮುಖವನ್ನೇ ದಿಟ್ಟಿಸಿ, "ಅವ್ವಾ, ನಿನ್ ಕಣ್ಣಿನ್ ಮೂಲೇಲಿ ಅದೇನೋ ಒಳೀತದಲ್ಲ?" ಅಂದಳು. ಲೆನ್ಸು ಬಿದ್ದೇ ಇರಲಿಲ್ಲ! ಬಿಳಿಗುಡ್ಡೆಗೆ ಸರಿದು ಅಲ್ಲೇ ಹಾಯಾಗಿ ಕುಳಿತಿತ್ತು.

ಈ ಕಥೆಯನ್ನು ನಾನು ಅಭಿನಯಿಸಿ ತೋರಿಸಿ ಮನೆಯವರನ್ನೆಲ್ಲ ನಗಿಸುತ್ತಿದ್ದೆ. ನನ್ನನ್ನು ನೋಡಿ ನಗುವ ಸರದಿ ಊರಿನದೂ ಆಗಬಹುದೆಂದು ನನಗೇನು ಗೊತ್ತು? ಒಂದು ದಿನ ಹಾಸನದಲ್ಲಿ ಬಸ್ ಹತ್ತಿ ಹೊಳೆನರಸೀಪುರಕ್ಕೆ ಟಿಕೆಟ್ ಕೇಳಿದೆ. "ಇದು ಅರಕಲಗೂಡಿಗ್ ಓಯ್ತದೆ ಕಣವ್ವಾ. ಬೋರ್ಡ್ ಓದಾಕ್ ಬರಾಕಿಲ್ವಾ?" ಎಂದು ಕಂಡಕ್ಟರ್ ಇಳಿಸಿಬಿಟ್ಟ. ಬಸ್ಸಿನವರೆಲ್ಲ ನಕ್ಕರು. ನಾನು ಆಗ ಬಿ.ಎಡ್. ಓದುತ್ತಿದ್ದೆ!

ಎರಡು ವರ್ಷದಿಂದ ಕಣ್ಣು ಮಂಜಾಗುತ್ತಿದ್ದುದನ್ನು ಮುಚ್ಚಿಟ್ಟಿದ್ದೆ. ಡಾಕ್ಟರು ನೋಡಿ ಹೇಳಿದ್ದು ಅತ್ತೆಯ ಕಾಯಿಲೆಯನ್ನೇ, ಕೊಟ್ಟದ್ದೂ ಅದೇ ಗಟ್ಟಿ ಲೆನ್ಸನ್ನು. ಹಾಕಿಕೊಂಡರೆ ಕಣ್ಣಿಗೆ ಮರಳು ಹೊಯ್ದಷ್ಟು ಉರಿ. ಮೂರನೆಯ ದಿನ ಡಬ್ಬಿಯನ್ನು ಮೂಲೆಗೆಸೆದು, ಟೀಚರ್ ಆಗೋದೂ ಬೇಡ ಏನೂ ಬೇಡ ಎಂದು ಮುಸುಕೆಳೆದು ಮಲಗಿದೆ.

ಸುದ್ದಿ ತಿಳಿದು ಮರುದಿನ ಹೊಳೆನರಸೀಪುರದ ಮೊದಲ ಬಸ್ಸಿಗೇ ಅತ್ತೆ ಬಂದಿಳಿದರು, ಕಂಕುಳಲ್ಲಿ ಬಿಳಿ ಪಂಚೆ. "ಫ್ಯಾನ್ ಆರಿಸ್ರೇ!" ಅವತ್ತಿನಿಂದ ದಿನಾ ಬೆಳಿಗ್ಗೆ ನನ್ನೆದುರು ಕುಳಿತರು. "ಕೆಳಗೆ ನೋಡು. ರೆಪ್ಪೆ ಬಿಗಿಯಾಗಿ ಹಿಡಿ. ಅಳೋದಾದ್ರೆ ಅಳು, ಕಣ್ಣೀರು ಲೆನ್ಸಿಗೆ ಒಳ್ಳೇದೇ." ಮೊದಲ ದಿನ ಒಂದು ಗಂಟೆ, ಮರುದಿನ ಎರಡು. ಹೀಗೆ ಹದಿನೈದು ದಿನ ಅವರು ತಮ್ಮ ಮನೆಯ ಮುಖ ನೋಡಲಿಲ್ಲ.

ಹದಿನಾರನೆಯ ಬೆಳಿಗ್ಗೆ ಬಲಗಣ್ಣಿಗೆ ಲೆನ್ಸಿಟ್ಟು ರೆಪ್ಪೆ ಮಿಟುಕಿಸಿದೆ. ಉರಿಯಲಿಲ್ಲ, ದಿನದ ಹಾಗೆ ನೀರು ತುಂಬಿ ನೋಟ ಕಲಕಲಿಲ್ಲ. ಎದುರಿಗೆ ಅತ್ತೆಯ ಮುಖ ಗೆರೆಗೆರೆಯಾಗಿ ಕಂಡಿತು. ಕೆನ್ನೆಯ ತುಂಬ ಸುಕ್ಕು, ಬೈತಲೆಯ ಇಕ್ಕೆಲವೂ ಬೆಳ್ಳಗೆ. ಎರಡು ವರ್ಷ ನನ್ನ ಮಂಜು ಇದನ್ನೆಲ್ಲ ಮರೆಮಾಡಿತ್ತು.

"ಅತ್ತೆ, ನಿಮಗೆ ಯಾವಾಗ ಇಷ್ಟು ವಯಸ್ಸಾಯ್ತು?"

"ನಿನಗೆ ಕಾಣದೇ ಇದ್ದಾಗ ಕಣೇ."

ತಬ್ಬಿಕೊಳ್ಳಲು ಹೋದೆ. ಅತ್ತೆ ಹಿಂದಕ್ಕೆ ಸರಿದರು. "ಮುಟ್ಟಬೇಡ! ಇನ್ನೊಂದು ಕಣ್ಣು ಬಾಕಿ ಇದೆ." ಸುಕ್ಕೇ ಇಲ್ಲದ ಪಂಚೆಯನ್ನು ಮತ್ತೆ ಮತ್ತೆ ನೀವಿದರು. ನಾನು ಅಳುತ್ತಲೇ ಎರಡನೆಯದನ್ನೂ ಹಾಕಿಕೊಂಡೆ.