ಓನಾಬಾಯಿಯ ಹಿಮದ ಹಬ್ಬ

ಹೆಂಡತಿ ತಮ್ಮನ್ನು ಒಂದು ಮಾತೂ ಕೇಳದೆ ಊಟದ ಕರೆ ಒಪ್ಪಿಕೊಂಡು ಬಂದಿದ್ದಾಳೆ, ಅದೂ ಬಿಳೀ ಹೆಂಗಸಿನ ಮನೆಯ ಕ್ರಿಸ್‌ಮಸ್ ಊಟ! ಪುಣೆಯ ದಂಡು ಪ್ರದೇಶ ಕ್ಯಾಂಪಿನ ಬಟ್ಟೆ ಅಂಗಡಿಯಲ್ಲಿ ಗುಮಾಸ್ತರಾಗಿದ್ದ ಬೆಳಗಾವಿಯ ಈರಬಸಪ್ಪನವರು ಮಫ್ಲರಿನೊಳಗಿಂದಲೇ ಗುಡುಗಿದರು.

“ಕೊರಳಾಗ ಲಿಂಗ ಕಟ್ಟಿಕೊಂಡು ಮಾಂಸದ ಮುಂದ ಹೋಗಿ ಕೂಡ್ಲೇನು?”

“ಅವರ ದೇಶದಾಗ ಹಬ್ಬದ ಹಿಂದಿನ ಈ ರಾತ್ರಿ ಮಾಂಸ, ತತ್ತಿ, ಹಾಲು ಏನೂ ಮುಟ್ಟಂಗಿಲ್ಲಂತ್ರಿ. ಮೀನು ತಿಂತಾರಂತ, ನಮ್ಮ ಸಲುವಾಗಿ ಅದನ್ನೂ ಬಿಟ್ಟಾಳ,” ಎಂದಳು ಶಿವಗಂಗವ್ವ. “ಗಸಗಸಿ ಪಾಯಸ ಮಾಡ್ಯಾಳ. ನಾನಽ ರುಬ್ಬಿಕೊಟ್ಟೇನಿ.”

ಓನಾ ಎದುರು ಖೋಲಿಯ ಬಾಡಿಗೆದಾರಳು. ಲಿಥುವೇನಿಯಾ ಎಂಬ ದೇಶದವಳು; ಎರಡನೇ ಮಹಾಯುದ್ಧದ ದೆಸೆಯಿಂದ ಸೈಬೀರಿಯಾ, ಇರಾನು ಸುತ್ತಿ ಬಂದು ಕ್ಯಾಂಪಿನಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದಳು. ಡಿಸೆಂಬರಿನಲ್ಲಿ ಈರಬಸಪ್ಪನವರು ಕಂಬಳಿಯ ಮೇಲೆ ಕಂಬಳಿ ಹೊದ್ದು ನಡುಗುವಾಗ ಅವಳು ತೋಳಿಲ್ಲದ ಅಂಗಿಯಲ್ಲಿ ಅಂಗಳ ತೊಳೆಯುತ್ತಿದ್ದಳು. ತಮ್ಮೂರಿನಲ್ಲಿ ನದಿ ಕಲ್ಲಿನಂತೆ ಗಟ್ಟಿಯಾಗಿ ಅದರ ಮೇಲೆ ಕುದುರೆಗಾಡಿ ಓಡುತ್ತದೆ ಎಂದಿದ್ದಳು. (ಸುಳ್ಳಿಗೂ ಒಂದು ಮಿತಿ ಬೇಡವೇ ಎಂಬುದು ಈರಬಸಪ್ಪನವರ ಅಭಿಪ್ರಾಯ.)

ಹೊರಡುವಾಗ ಹೆಂಡತಿಗೆ ಉಪದೇಶವಾಯಿತು: “ಸಾಹೇಬರ ರೀತಿ ರಿವಾಜು ನನಗ ಗೊತ್ತದ. ನಾ ಮಾಡಿದಂಗ ಮಾಡು. ಮಾನ ಕಳೀಬ್ಯಾಡ.”

ಆಕಾಶದಲ್ಲಿ ಮೊದಲ ಚುಕ್ಕಿ ಕಾಣುವ ತನಕ ಊಟಕ್ಕೆ ಕೂಡುವಂತಿಲ್ಲವಂತೆ. ಕಂಡಿತು. ಮೇಜಿಗೆ ಹಾಸಿದ ಬಿಳಿ ಬಟ್ಟೆಯ ಅಡಿಯಿಂದ ಒಣಹುಲ್ಲು ಇಣುಕುತ್ತಿತ್ತು. ಪಾಪ, ಕಸ ತೆಗೆಯಲು ಮರೆತಿದ್ದಾಳೆ ಎಂದುಕೊಂಡ ಈರಬಸಪ್ಪನವರು ಅವಳ ಮರ್ಯಾದೆ ಉಳಿಸಲು ಒಂದೊಂದೇ ಎಳೆ ಹಿರಿದು ಜೇಬಿಗೆ ಸೇರಿಸಿದರು. (ಯೇಸು ಹುಲ್ಲಿನ ಮೇಲೆ ಹುಟ್ಟಿದ ನೆನಪಿಗೆ ಅದನ್ನು ಹಾಸುತ್ತಾರೆಂದು ಆಮೇಲೆ ತಿಳಿಯಿತು.) ಬಳಿಕ ಮೇಜಿನ ತುದಿಯಲ್ಲಿ, ಮೇಣದಬತ್ತಿ ಹಚ್ಚಿಟ್ಟ ತಾಟಿನ ಮುಂದಿನ ಕುರ್ಚಿಯಲ್ಲಿ, ಮುಖ್ಯ ಅತಿಥಿಗೆ ಸಲ್ಲುವ ಗಾಂಭೀರ್ಯದಿಂದ ವಿರಾಜಮಾನರಾದರು.

ಓನಾಳ ಕೈಯಲ್ಲಿದ್ದ ತಂಬಿಗೆ ಅಲ್ಲೇ ನಿಂತಿತು.

“ಅದು ಯೋನಾಸನ ಜಾಗಾ,” ಎಂದಳು.

ಯೋನಾಸ ಅವಳ ಗಂಡ. ಊರು ಬಿಡಿಸಿದ ದಿನ ರಷ್ಯದ ಸಿಪಾಯಿಗಳು ಗಂಡಸರನ್ನು ರೈಲಿನ ಬೇರೆ ಡಬ್ಬಿಗೆ ಹತ್ತಿಸಿದ್ದರು, ಅಂದಿನಿಂದ ಸುದ್ದಿಯಿಲ್ಲ. ಸತ್ತವರು, ದೂರವಾದವರು ಈ ರಾತ್ರಿ ಹಿಮ ತುಳಿಯುತ್ತ ಮನೆಗೆ ಬರುತ್ತಾರೆಂದು ಅವರ ನಂಬಿಕೆ. ಅವರಿಗಾಗಿ ಒಂದು ಕುರ್ಚಿ ಖಾಲಿ ಬಿಡಬೇಕು.

“ತಪ್ಪಾತ್ರಿ ಬಾಯಾರ, ಭಾಳ ತಪ್ಪಾತು,” ಎನ್ನುತ್ತ ಈರಬಸಪ್ಪನವರು ಎದ್ದರು. ಮೊಣಕಾಲು ಬಡಿದು ಮೇಜೇ ಅಲುಗಿತು.

ಓನಾ ಅವರ ಹೆಗಲ ಮೇಲೆ ಕೈಯಿಟ್ಟು ಒತ್ತಿದಳು. ಅವಳ ಕನ್ನಡವೆಲ್ಲ ಶಿವಗಂಗವ್ವ ಬೆಕ್ಕಿನ ಜೊತೆ ಆಡುವ ಮಾತು ಕೇಳಿ ಕಲಿತದ್ದು.

“ಓಡಬ್ಯಾಡ. ಕೂಡು. ಪ್ರತಿ ವರ್ಷ ಈ ತಾಟು ತುಂಬಿದ್ದು ಹಂಗಽ ಉಳಿತದ. ಇವತ್ತ ನೀ ಉಣ್ಣು.”

ಹನ್ನೆರಡು ಬಗೆ, ಒಂದನ್ನೂ ಬಿಡುವಂತಿಲ್ಲ. ಬೀಟ್‌ರೂಟಿನ ಹುಳಿ ಸಾರು, ಬೇಯಿಸಿದ ಗೋಧಿ, ಒಗರು ಹಣ್ಣಿನ ಗಂಜಿ. ಖಾರವಿಲ್ಲ, ಒಗ್ಗರಣೆಯಿಲ್ಲ. ಇನ್ನೊಬ್ಬನ ಪಾಲಿನ ಊಟ, ಮುಖ ಕಿವುಚುವುದು ಹೇಗೆ? ಈರಬಸಪ್ಪನವರು ತಲೆ ತಗ್ಗಿಸಿ ಉಂಡರು. ತಾಟು ಬರಿದಾಗುವುದನ್ನೇ ನೋಡುತ್ತ ಓನಾ ಕಣ್ಣೊರೆಸಿಕೊಂಡಳು. ಅಂತೂ ಮುಗಿಯಿತೆಂದು ಅವರು ಕೈ ಹಿಂದೆಳೆಯುವಷ್ಟರಲ್ಲಿ ಶಿವಗಂಗವ್ವ ಬಹಳ ಗಂಭೀರವಾಗಿ ಹೇಳಿದಳು:

“ಇನ್ನೊಮ್ಮೆ ನೀಡ್ರಿ ಬಾಯಾರ. ಹಿಮದಾಗ ಭಾಳ ದೂರದಿಂದ ನಡಕೋತ ಬಂದಾರ.”

ಓನಾ ನಕ್ಕುಬಿಟ್ಟಳು. ಆ ಮನೆಯಲ್ಲಿ ಅವಳ ನಗುವನ್ನು ಯಾರೂ ಕೇಳಿರಲಿಲ್ಲ. ಈರಬಸಪ್ಪನವರು ಮಫ್ಲರು ಸಡಿಲಿಸಿ ತಾಟನ್ನು ಮುಂದೆ ಸರಿಸಿದರು.